ಗಾಡಿ ಹೊರಡುವ ಮೊದಲು

ಮಕ್ಕಳೇ, ಈ ವಾರದ ಮಾತನ್ನು ಸ್ವಲ್ಪ ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಕುಳಿತ ಮುತ್ಯಾಗೂ ಆಯಿಗೂ ಕೇಳಲಿ. ಇದು ನಿಮಗೆ ಎಷ್ಟು ಸೇರಿದ್ದೋ ಅವರಿಗೂ ಅಷ್ಟೇ ಸೇರಿದ್ದು.

ರಜೆ ಬಂತೆಂದರೆ ‘ಎಲ್ಲಿಗೆ ಹೋಗೋಣ?’ ಎಂದು ಮನೆಮಂದಿಯೆಲ್ಲ ಕೇಳುತ್ತಾರೆ. ‘ನಮ್ಮ ಗಾಡಿ ಅಲ್ಲಿಗೆ ಹೋಗಿ ತಿರುಗಿ ಬರುವಂತಿದೆಯೇ?’ ಎಂದು ಕೇಳುವವರು ಕಡಿಮೆ. ನನ್ನ ಅಪ್ಪ ಒಂದು ಮಾತು ಹೇಳುತ್ತಿದ್ದ: “ಗಾಡಿ ದಾರ್ಯಾಗ ಕೆಡೂದಿಲ್ಲ ತಮ್ಮಾ. ಮನ್ಯಾಗ ಕೆಟ್ಟಿರ್ತೈತಿ, ದಾರ್ಯಾಗ ಗೊತ್ತಾಗ್ತೈತಿ.” ಅಪ್ಪ ಓಡಿಸಿದ್ದು ಚಕ್ಕಡಿ. ಮಗ ಓಡಿಸುವುದು ಜೀಪು. ಮಾತು ಎರಡಕ್ಕೂ ಒಂದೇ.

ಈ ದೀಪಾವಳಿಗೆ ನಮ್ಮ ಮನೆಯಲ್ಲಿ ಗೋಕರ್ಣಕ್ಕೆ ಹೋಗುವುದೆಂದು ಗೊತ್ತಾಯಿತು. ಸಮೀರವಾಡಿಯಿಂದ ಮುಧೋಳ, ಲೋಕಾಪುರ, ಯರಗಟ್ಟಿ ಹಾದು ಧಾರವಾಡ, ಹುಬ್ಬಳ್ಳಿ. ಅಲ್ಲಿಂದ ಕಲಘಟಗಿ, ಯಲ್ಲಾಪುರ. ಆಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಗೋಕರ್ಣ. ಒಂದು ಕಡೆಗೇ ಸುಮಾರು 300 ಕಿ.ಮೀ. ನಮ್ಮ ಜೀಪಿಗೆ ಕಬ್ಬಿನ ಹೊಲ, ಮಹಾಲಿಂಗಪುರದ ಸಂತೆ, ಜಮಖಂಡಿಯ ಮದುವೆ ಇಷ್ಟೇ ರೂಢಿ. ಘಟ್ಟ ಅದಕ್ಕೂ ಹೊಸದು, ಮೊಮ್ಮಕ್ಕಳಿಗೂ ಹೊಸದು.

ಜೀಪಿನ ಕತೆಗೆ ಮೊದಲು ಚಕ್ಕಡಿಯ ಕತೆ ಕೇಳಿ. ನಾನು ಹುಡುಗನಿದ್ದಾಗ ನಮ್ಮ ಮನೆಯ ದೊಡ್ಡ ಪ್ರಯಾಣವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಹುಣ್ಣಿಮೆಯ ಜಾತ್ರೆಗೆ ಸಾಲುಗಟ್ಟಿ ಚಕ್ಕಡಿಗಳು ಹೊರಡುತ್ತಿದ್ದವು. ಎತ್ತಿನ ಗಾಡಿ ತಾಸಿಗೆ ಮೂರು–ನಾಲ್ಕು ಕಿ.ಮೀ. ನಡೆಯುತ್ತದೆ. ಹೀಗಾಗಿ ದಾರಿಯಲ್ಲೇ ಎರಡು ರಾತ್ರಿ ಕಳೆಯಬೇಕು. ತಯಾರಿ ಎಂಟು ದಿನ ಮೊದಲೇ ಅಂಗಳದಲ್ಲಿ ಶುರು.

ಮೊದಲು ಗಾಲಿ. ಕಟ್ಟಿಗೆಯ ಗಾಲಿಯ ಸುತ್ತ ಕಬ್ಬಿಣದ ಹಳಿ ಇರುತ್ತದಲ್ಲ, ಅದನ್ನು ಮೊಳೆಯ ಬಲದಿಂದ ಕೂಡಿಸುವುದಲ್ಲ. ಕಮ್ಮಾರರು ಹಳಿಯನ್ನು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡುತ್ತಿದ್ದರು. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದ ಹಳಿಯನ್ನು ಮೂರ್ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂಡಿಸಿ, ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಚೊಂಯ್ ಎಂದು ಹೊಗೆ ಎದ್ದು ಹಳಿ ಕುಗ್ಗಿ, ಇಡೀ ಗಾಲಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯುತ್ತಿತ್ತು. ‘ಕಾಯಿಸಿದರೆ ಲೋಹ ಹಿಗ್ಗುತ್ತದೆ’ ಎಂದು ನೀವು ವಿಜ್ಞಾನದ ಪುಸ್ತಕದಲ್ಲಿ ಓದುವುದನ್ನು ನಾವು ಕಮ್ಮಾರರ ಸಾಲಿನಲ್ಲಿ ನಿಂತು ಕಲಿತೆವು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿ ಸಡಿಲಾಗುತ್ತದೆ. ಆಗ ರಾತ್ರಿಯಿಡೀ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆ ಹಾಕುತ್ತಿದ್ದರು. ನೀರು ಕುಡಿದ ಕಟ್ಟಿಗೆ ಉಬ್ಬಿ ಮತ್ತೆ ಬಿಗಿಯಾಗುತ್ತಿತ್ತು.

ಆಮೇಲೆ ಅಚ್ಚಿಗೆ ಎಣ್ಣೆ. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದರೆ ಕೀಲೆಣ್ಣೆ ಆಯಿತು. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಎತ್ತುಗಳ ಕಾಲಿಗೆ ಹೊಸ ಲಾಳ. ನೊಗದ ಹಗ್ಗ, ಕಡಾಣಿ ಎಲ್ಲ ಎಳೆದು, ತಟ್ಟಿ ನೋಡುವುದು. ಕೊನೆಗೆ ಬುತ್ತಿ: ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದೇಲಿ. ಗಾಡಿಯಲ್ಲಿ ಎಷ್ಟು ಜನ ಕೂಡಬೇಕೆಂದು ಹೇಳುವವನು ಅಪ್ಪನಲ್ಲ. “ಎತ್ತಿನ ಮಾರಿ ನೋಡ್ರಿ” ಎನ್ನುತ್ತಿದ್ದ. ಏರು ಬಂದಾಗ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರು. ಹೇಳಲು ಎತ್ತಿಗೆ ಬಾಯಿಲ್ಲ, ಆದರೆ ಮುಖವಿದೆ. ಜೀಪಿಗೆ ಆ ಮುಖವೂ ಇಲ್ಲ. ಆದ್ದರಿಂದ ನಾವೇ ಬಗ್ಗಿ ನೋಡಬೇಕು.

ಮೋಟಾರು ಗಾಡಿಯಲ್ಲಿ ಮೊದಲ ದೂರದ ಪ್ರಯಾಣ ಹೊರಟವರು ಯಾರು ಗೊತ್ತೇ? ಒಬ್ಬ ತಾಯಿ ಮತ್ತು ಇಬ್ಬರು ಮಕ್ಕಳು! 1888ರ ಆಗಸ್ಟ್ ತಿಂಗಳು, ಜರ್ಮನಿ. ಕಾರ್ಲ್ ಬೆಂಜ್ ಎಂಬವರು ಮೂರು ಗಾಲಿಯ ಮೋಟಾರು ಗಾಡಿ ತಯಾರಿಸಿದ್ದರು. ಜನ ಅದನ್ನು ನಂಬುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, 15 ವರ್ಷದ ಓಯ್ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿ.ಮೀ.ಗೂ ಹೆಚ್ಚಿನ ದಾರಿ. ಎಲ್ಲಿಗೆ? ತಮ್ಮ ತಾಯಿಯ ಮನೆಗೆ. ಅಂದರೆ ಆ ಹುಡುಗರಿಗೆ ಅದು ಆಯಿಯ ಊರು!

ದಾರಿಯಲ್ಲಿ ಪೆಟ್ರೋಲ್ ಬಂಕ್ ಎಂಬುದೇ ಇರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ದ್ರಾವಣವನ್ನು ಕೊಂಡು ಇಂಜಿನ್ನಿಗೆ ಹಾಕಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಬರ್ತಾ ತಮ್ಮ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದರು. ಇಳಿಜಾರಿನಲ್ಲಿ ಬ್ರೇಕಿನ ಕಟ್ಟಿಗೆ ಸವೆದುಹೋದಾಗ ಒಬ್ಬ ಚಮ್ಮಾರರ ಹತ್ತಿರ ಅದಕ್ಕೆ ಚರ್ಮ ಹೊಡೆಸಿಕೊಂಡರು. ಇವತ್ತು ಗಾಡಿಗಳಲ್ಲಿರುವ ಬ್ರೇಕ್ ಲೈನಿಂಗ್‌ಗೆ ಅದೇ ಮೊದಲು ಎನ್ನುತ್ತಾರೆ. ಏರಿನಲ್ಲಿ ಹುಡುಗರಿಬ್ಬರೂ ಇಳಿದು ಗಾಡಿ ನೂಕಿದರು. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ನಮ್ಮವರು ಇಳಿದು ನಡೆದ ಹಾಗೆಯೇ.

ಈ ಕತೆ ಕೇಳಿದ ಮೇಲೆ ನಮ್ಮ ಮನೆಯ ಏಳನೇ ಇಯತ್ತೆಯ ಮೊಮ್ಮಗಳು ಸುಮ್ಮನೆ ಕೂಡಲಿಲ್ಲ. “ಮುತ್ಯಾ, ನಾವೂ ಗಾಡಿ ನೋಡೂನು” ಎಂದಳು. ಮೂರನೇ ಇಯತ್ತೆಯ ಮೊಮ್ಮಗ ಹಿಂದೆಯೇ ಬಂದ. ಐದು ದಿನಕ್ಕೆ ಐದು ಕೆಲಸ ಹಂಚಿಕೊಂಡೆವು.

ಮೊದಲ ದಿನ ಕಾಗದ ಪತ್ರ. ಗಾಡಿಯ ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಮಗನ ಲೈಸೆನ್ಸ್. ಮೊಮ್ಮಗಳು ಪ್ರತಿಯೊಂದರ ಮುಗಿಯುವ ತಾರೀಖನ್ನು ವಹಿಯಲ್ಲಿ ಬರೆದಳು. ಹೊಗೆಯ ಪತ್ರ ನಾವು ಹೊರಡುವ ಮುನ್ನಾದಿನವೇ ಮುಗಿಯುವುದಿತ್ತು! ಮಗ ಮರುದಿನವೇ ಹೊಸದು ಮಾಡಿಸಿದ. ಅದೇ ಪುಟದಲ್ಲಿ ಮೂರು ಸಂಖ್ಯೆ ಬರೆಸಿದೆ: ಯಾವ ತುರ್ತಿಗೂ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033. ಮೊಬೈಲ್ ಬ್ಯಾಟರಿ ಖಾಲಿಯಾಗಬಹುದು, ವಹಿಯ ಹಾಳೆ ಖಾಲಿಯಾಗುವುದಿಲ್ಲ.

ಎರಡನೇ ದಿನ ಗಾಲಿ. ರಬ್ಬರಿನ ಒಳಗೆ ಗಾಳಿ ತುಂಬಿದ ಟೈರ್ ಬಂದದ್ದೂ ಒಂದು ಮಗುವಿನಿಂದಲೇ. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ದನದ ಡಾಕ್ಟರರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಇಂಥ ಟೈರ್ ಮಾಡಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಬರ್ತಾ ಬೆಂಜ್ ಹೊರಟದ್ದೂ ಅದೇ ವರ್ಷ. ನೆನಪಿಡಲು ಸುಲಭ.

ಟೈರಿಗೆ ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಇರುತ್ತದೆ. ಜನ, ಸಾಮಾನು ತುಂಬಿದಾಗ ಎಷ್ಟು ಎಂಬುದೂ ಅಲ್ಲೇ. ಗಾಡಿ ಓಡಿದ ಮೇಲೆ ಟೈರ್ ಕಾಯ್ದು ಒಳಗಿನ ಗಾಳಿಯ ಒತ್ತಡ ಏರಿರುತ್ತದೆ. ಆದ್ದರಿಂದ ಬೆಳಿಗ್ಗೆ, ತಣ್ಣಗಿದ್ದಾಗಲೇ ನೋಡಬೇಕು. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ತಂತಿಯನ್ನು ಹತ್ತಾರು ಸಲ ಮಡಚಿದರೆ ಬಿಸಿಯಾಗಿ ಮುರಿಯುವುದಿಲ್ಲವೇ, ಹಾಗೆ. ಹೆದ್ದಾರಿಯಲ್ಲಿ ಟೈರ್ ಒಡೆಯಲು ಇದೊಂದು ದೊಡ್ಡ ಕಾರಣ.

ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಆ ಉಬ್ಬಿನ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು. ಕಾರು, ಜೀಪುಗಳ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ನಿಯಮವೇ ಇದೆ. ನಮ್ಮ ನಾಲ್ಕೂ ಗಾಲಿ ಈ ಪರೀಕ್ಷೆಯಲ್ಲಿ ಪಾಸಾದವು.

ಇನ್ನು ಸ್ಟೆಪ್ನಿ. ಈ ಹೆಸರು ಹೇಗೆ ಬಂತು ಗೊತ್ತೇ? 1904ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ, ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು ಹೆಚ್ಚುವರಿ ಗಾಲಿ ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರು ನಮ್ಮ ಸಮೀರವಾಡಿಯ ಪಂಕ್ಚರ್ ಅಂಗಡಿಯವರೆಗೆ ಬಂದು ಮುಟ್ಟಿತು!

ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಎಂದರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೊಮ್ಮಗಳು ಸ್ಟೆಪ್ನಿಯ ಧೂಳು ಒರೆಸಿ ಓದಿದ್ದು ಅದನ್ನೇ.

“ಮುತ್ಯಾ, ಇದಕ್ಕ ಹತ್ತು ವರ್ಷ ದಾಟೇತಿ. ನಮ್ಮ ತಮ್ಮಗಿಂತ ಹಿರ್ಯಾ ಐತಿ!”

ಮಗ ನಕ್ಕ. “ಅದು ಸ್ಟೆಪ್ನಿ ಅವ್ವಿ. ಒಂದ ಸಲಾನೂ ಓಡಿಲ್ಲ. ನೋಡು, ಗೆರಿ ಹೊಸಾವ ಅದಾವ.”

ಗೆರೆ ಹೊಸದು ನಿಜ. ಆದರೆ ಪಕ್ಕೆಯ ಮೇಲೆ ಬೇಸಿಗೆಯ ಕರಿಮಣ್ಣಿನ ಹೊಲದಂತೆ ಸಣ್ಣ ಸಣ್ಣ ಬಿರುಕು. ರಬ್ಬರು ಓಡಿದರಷ್ಟೇ ಹಾಳಾಗುವುದಿಲ್ಲ. ಬಿಸಿಲು, ಗಾಳಿ, ಕಾವಿಗೆ ಕುಳಿತಲ್ಲೇ ಗಡುಸಾಗಿ ಸೀಳುತ್ತದೆ. ಸ್ಟೆಪ್ನಿ ಬೇಕಾಗುವುದೇ ನಡುದಾರಿಯಲ್ಲಿ, ಒಂದು ಟೈರ್ ಕೈಕೊಟ್ಟಾಗ. ಆಗ ಅದೂ ಕೈಕೊಟ್ಟರೆ?

ಮಗನ ಅಡಚಣೆ ನನಗೂ ತಿಳಿಯುತ್ತಿತ್ತು. ಕಬ್ಬು ಇನ್ನೂ ಹೊಲದಲ್ಲೇ ನಿಂತಿತ್ತು. ಹಬ್ಬದ ಖರ್ಚು ಮುಂದಿತ್ತು. ಒಂದು ಹೊಸ ಟೈರಿನ ರೊಕ್ಕದಲ್ಲಿ ಮಕ್ಕಳೆಲ್ಲರ ಹಬ್ಬದ ಬಟ್ಟೆ ಬರುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಸೊಸೆ ಈ ಲೆಕ್ಕವನ್ನು ಮಕ್ಕಳ ಮುಂದೆಯೇ ಇಟ್ಟಳು. ಅದು ನನಗೆ ಸೇರಿತು. ಮನೆಯ ಲೆಕ್ಕ ಮಕ್ಕಳಿಗೂ ತಿಳಿಯಬೇಕು. ಬಹಳ ಹೊತ್ತು ಸುಮ್ಮನಿದ್ದ ಮೊಮ್ಮಗ, “ಪಟಾಕಿ ಬ್ಯಾಡ. ಸುರಸುರಬತ್ತಿ ಅಷ್ಟ ಇರ್ಲಿ” ಎಂದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಅವನ ಮುಖ ಹೇಳುತ್ತಿತ್ತು. ಮೊಮ್ಮಗಳು ಈ ವರ್ಷ ಹೊಸ ಡ್ರೆಸ್ ಬೇಡವೆಂದಳು. ಮರುದಿನ ಮುಧೋಳದಿಂದ ಹೊಸ ಟೈರ್ ಬಂತು.

ಮೂರನೇ ದಿನ ಬಾನೆಟ್ ಎತ್ತಿದೆವು. ಇಂಜಿನ್ ಆಯಿಲ್ ನೋಡುವುದು ಸಮತಟ್ಟಾದ ಜಾಗದಲ್ಲಿ, ಇಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ. ಅಳತೆಯ ಕಡ್ಡಿ ಹೊರಗೆಳೆದು, ಒರೆಸಿ, ಮತ್ತೆ ಹಾಕಿ ತೆಗೆದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಇದು ನಮ್ಮ ಹಳೆಯ ಕೀಲೆಣ್ಣೆಯ ಮೊಮ್ಮಗನೇ. ಕೆಲಸವೂ ಅದೇ: ಲೋಹಕ್ಕೆ ಲೋಹ ತಿಕ್ಕದಂತೆ ನಡುವೆ ಜಾರುವುದು.

ಪಕ್ಕದಲ್ಲಿ ರೇಡಿಯೇಟರ್. ಮಕ್ಕಳೇ, ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಗಾಡಿ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳವನ್ನು ಯಾರೂ ತೆಗೆಯಬಾರದು. ಅದು ಅಡುಗೆ ಮನೆಯ ಕುಕ್ಕರ್ ಇದ್ದ ಹಾಗೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾಗುವವರೆಗೆ ಕಾಯಲೇಬೇಕು.

ಬ್ರೇಕ್ ಆಯಿಲಿನ ಸಣ್ಣ ಡಬ್ಬಿಯಲ್ಲೂ ಮೇಲೆ ಕೆಳಗೆ ಎರಡು ಗೆರೆ ಇವೆ. ಈ ಎಣ್ಣೆಗೆ ಒಂದು ಚಾಳಿ. ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಎಣ್ಣೆ ಘಟ್ಟದಲ್ಲಿ ಬ್ರೇಕ್ ಕಾಯ್ದಾಗ ಬೇಗ ಕುದಿಯುತ್ತದೆ. ಎಣ್ಣೆಯಲ್ಲಿ ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಗಾಡಿಯ ಎಣ್ಣೆ ಬದಲಿಸಿ ಮೂರು ವರ್ಷವಾಗಿತ್ತು. ಮೆಕ್ಯಾನಿಕ್ ಹತ್ತಿರ ಅದನ್ನೂ, ಸವೆದ ಬ್ರೇಕ್ ಪ್ಯಾಡುಗಳನ್ನೂ ಬದಲಿಸಿದೆವು.

ನಾಲ್ಕನೇ ದಿನ ಸಂಜೆ ದೀಪ. ಇದು ಮಕ್ಕಳಿಗೆ ಬಹಳ ಇಷ್ಟದ ಕೆಲಸ. ಮಗ ಒಳಗೆ ಕುಳಿತು ಒಂದೊಂದೇ ಗುಂಡಿ ಒತ್ತಿದ. ಮೊಮ್ಮಗ ಗಾಡಿಯ ಪಕ್ಕಕ್ಕೆ, ದೂರದಲ್ಲಿ ನಿಂತು “ಎಡಕ್ಕ ಹತ್ತೇತಿ! ಬಲಕ್ಕ ಇಲ್ಲ!” ಎಂದು ಕೂಗಿದ. ಬಲಗಡೆಯ ಹಿಂದಿನ ದೀಪ ಸುಟ್ಟಿತ್ತು. ಬಲ್ಬಿಗೆ ಹೆಚ್ಚೇನೂ ಖರ್ಚಾಗಲಿಲ್ಲ.

ಆದರೆ ಹಿಂದಿನ ದೀಪದ ಬೆಲೆ ನಮ್ಮ ಭಾಗದವರಿಗೆ ಬೇರೆಯೇ. ದೀಪಾವಳಿಯ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರು. ಕಾರ್ಖಾನೆಯ ದಾರಿಯಲ್ಲಿ ಹಗಲು–ರಾತ್ರಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಕಬ್ಬಿನ ಚಕ್ಕಡಿಗಳು. ಕಬ್ಬಿನ ತುದಿ ಹಿಂದಕ್ಕೂ ಪಕ್ಕಕ್ಕೂ ಚಾಚಿ, ದೀಪವಿದ್ದರೂ ಮುಚ್ಚಿಹೋಗುತ್ತದೆ. ಪಂಕ್ಚರ್ ಆದ ಟ್ರೇಲರ್ ಕತ್ತಲಲ್ಲಿ ರಸ್ತೆಯಲ್ಲೇ ನಿಂತಿದ್ದರೆ ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ. ಇಂಥ ರಾತ್ರಿಗಳ ನೋವು ಉಂಡ ಮನೆಗಳು ನಮ್ಮ ಸೀಮೆಯ ಊರೂರಲ್ಲಿವೆ. ನಿಮ್ಮ ಮನೆಯ ಟ್ರ್ಯಾಕ್ಟರ್ ಕಬ್ಬು ಸಾಗಿಸುತ್ತಿದ್ದರೆ, ಟ್ರೇಲರ್ ಹಿಂದೆ ಹೊಳೆಯುವ ಕೆಂಪು ಪಟ್ಟಿ ಇದೆಯೇ ಎಂದು ಇವತ್ತೇ ಹೋಗಿ ನೋಡಿ. ಧೂಳು ಕೂತಿದ್ದರೆ ಒದ್ದೆ ಅರಿವೆಯಿಂದ ಒರೆಸಿ. ಎರಡು ನಿಮಿಷದ ಕೆಲಸ, ಯಾರದೋ ಮನೆಯ ಜೀವ ಉಳಿಸುತ್ತದೆ.

ಮಗನಿಗೆ ನಸುಕಿನ ಮೂರಕ್ಕೆ ಹೊರಡುವ ಮನಸ್ಸಿತ್ತು. “ರಸ್ತೆ ಖಾಲಿ ಇರ್ತೈತಿ ಅಪ್ಪಾ, ಊಟದ ಹೊತ್ತಿಗೆ ಸಮುದ್ರ.” ರಸ್ತೆ ಖಾಲಿ ಇರುವುದಿಲ್ಲ, ಕಾಣುವುದಿಲ್ಲ ಅಷ್ಟೇ ಎಂದೆ. ಮೂರು ಗಂಟೆಗೆ ಎದ್ದ ಚಾಲಕನ ಕಣ್ಣೂ ಪೂರಾ ಎದ್ದಿರುವುದಿಲ್ಲ. ಬೆಳಕು ಹರಿದ ಮೇಲೆ ಹೊರಡುವುದೆಂದು ಆಯಿತು.

ಐದನೇ ದಿನ ಸಾಮಾನು ಮತ್ತು ಜನ. ಸಾಮಾನು ಸುಲಭ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಜೀಪಿನ ತಲೆಯ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಸ್ಟೀಲ್ ಡಬ್ಬಿ, ನೀರಿನ ಕ್ಯಾನು ಸಡಿಲ ಬಿಡಬಾರದು. ಗಾಡಿ ತಟ್ಟನೆ ನಿಂತರೂ ಅವು ನಿಲ್ಲುವುದಿಲ್ಲ, ಮುಂದೆ ಕುಳಿತವರ ತಲೆಗೆ ಹಾರುತ್ತವೆ. ಆಯಿಯ ಬಿ.ಪಿ. ಗುಳಿಗೆಗಳನ್ನು ದಿನಕ್ಕಿಷ್ಟು ಎಂದು ಎಣಿಸಿ, ಎರಡು ದಿನದ್ದು ಹೆಚ್ಚಿಗೆ ಇಟ್ಟು, ಕೈಚೀಲದಲ್ಲೇ ಇರಿಸಿದೆವು. ವಾಂತಿಯಾಗುವ ಮಕ್ಕಳಿಗೆ ಹಸಿಶುಂಠಿ, ಲಿಂಬಿಹಣ್ಣು. ಕಣ್ಣು ಮೊಬೈಲಿನ ಮೇಲಿದ್ದು ‘ನಾವು ಕುಳಿತಿದ್ದೇವೆ’ ಎಂದರೆ, ಕಿವಿಯೊಳಗಿನ ಸಮತೋಲದ ಅಂಗ ‘ಓಡುತ್ತಿದ್ದೇವೆ’ ಎನ್ನುತ್ತದೆ. ಈ ಜಗಳದಿಂದ ಹೊಟ್ಟೆ ತೊಳಸುತ್ತದೆ. ಮೊಬೈಲ್ ಒಳಗಿಟ್ಟು ದೂರದ ಗುಡ್ಡ ನೋಡಿದರೆ ಜಗಳ ಅರ್ಧ ಮುಗಿಯುತ್ತದೆ.

ಜನರ ಲೆಕ್ಕವೇ ಕಠಿಣ. ಜಮಖಂಡಿಯಿಂದ ಮಗಳು ತನ್ನ ಇಬ್ಬರು ಮಕ್ಕಳೊಡನೆ ಬಂದಳು. ಒಟ್ಟು ಒಂಬತ್ತು ಜನ. ಗಾಡಿಯಲ್ಲಿ ಏಳು ಸೀಟು, ಏಳು ಬೆಲ್ಟು.

“ಸಣ್ಣವು ತೊಡಿ ಮ್ಯಾಲ ಕೂಡ್ತಾವ ಬಿಡ್ರಿ, ಹೊಂದಿಕೊಂಡ ಹೋಗೂನು” ಎಂದಳು ಮಗಳು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಕೇಳುವ ಮಾತಿದು, ಪ್ರೀತಿಯ ಮಾತೇ. ಆದರೆ ತೊಡೆಯ ಮೇಲಿನ ಮಗುವನ್ನು ಅಪಘಾತದ ಹೊತ್ತಿನಲ್ಲಿ ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಅಷ್ಟು ಬಲ ಮನುಷ್ಯರ ತೋಳಿಗಿಲ್ಲ. 14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ಹೇಳುತ್ತದೆ. ಹೆಚ್ಚಿನ ಭಾರದಿಂದ ಟೈರು, ಬ್ರೇಕು ಎರಡಕ್ಕೂ ಕಷ್ಟ. ಐದು ದಿನ ಮಾಡಿದ ಕೆಲಸವನ್ನೆಲ್ಲ ಇಬ್ಬರು ಹೆಚ್ಚಿಗೆ ಹತ್ತಿ ಅಳಿಸಿಹಾಕಿದ ಹಾಗಾಗುತ್ತದೆ.

“ಹಂಗಾದ್ರ ನಾ ಬಸ್ಸಿಗೆ ಬರ್ತೀನಿ” ಎಂದೆ.

ಮಗನ ಮುಖ ಸಣ್ಣದಾಯಿತು. “ಅಪ್ಪನ್ನ ಬಸ್ಸಿಗೆ ಹಾಕಿ ಮಗ ಜೀಪಿನ್ಯಾಗ ಹೋದ ಅಂತಾರ ಊರಾಗ. ನೀವು ಬರದಿದ್ರ ಯಾರೂ ಹೋಗೂದ ಬ್ಯಾಡ.” ಅವನ ಕಣ್ಣು ಒದ್ದೆಯಾಗಿದ್ದವು. ಮನೆ ಒಮ್ಮೆಲೇ ಮೌನವಾಯಿತು. ಸೊಸೆ ತಾನು ಉಳಿಯುತ್ತೇನೆ ಎಂದಳು. ಮಗಳು, ತಾನು ಬಂದದ್ದೇ ಹೆಚ್ಚಾಯಿತೇನೋ ಎಂಬಂತೆ ನೆಲ ನೋಡಿದಳು. ಪ್ರಯಾಣವೇ ನಿಂತುಹೋಗುವ ಹೊತ್ತು ಅದು.

ಆಗ ಮೊಮ್ಮಗಳು ಎದ್ದು ನಿಂತಳು. “ನಾನೂ ಮುತ್ಯಾನ ಕೂಡ ಬಸ್ಸಿಗೆ ಹೊಕ್ಕೀನಿ. ನನಗ ಟಿಕೆಟ್ಟ ಇಲ್ಲ! ಮುತ್ಯಾ ಒಬ್ಬನ ರೊಕ್ಕ ಕೊಡ್ತಾನ.” 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆಯಲ್ಲ. ನನ್ನ ಹೆಂಡತಿ ನಕ್ಕುಬಿಟ್ಟಳು. “ಬಸ್ಸಿನ್ಯಾಗ ಹೋದ್ರ ಮಾನ ಏನ್ ಹೋಗ್ತೈತಿ? ನಿಮ್ಮಪ್ಪ ಎಲ್ಲಮ್ಮನ ಗುಡ್ಡಕ್ಕ ಅರ್ಧ ದಾರಿ ನಡದ ಹೋದಾಂವ. ಎತ್ತಿಗೆ ಭಾರ ಆಗಬಾರದಂತ ಇಳೀತಿದ್ರು, ಈಗ ಜೀಪಿಗೆ ಭಾರ ಆಗಬಾರದಂತ ಇಳದಾರ, ಅಷ್ಟ.” ಮಗನೂ ನಗಬೇಕಾಯಿತು. ಆಮೇಲೆ ಬಸ್ಸಿಗೆ ನಾನು, ನಾನು ಎಂದು ಉಳಿದ ಮೂರೂ ಮಕ್ಕಳು ಹಟ ಹಿಡಿದದ್ದು ಬೇರೆ ಕತೆ.

ಹೊರಡುವ ಬೆಳಿಗ್ಗೆ ಹೆಂಡತಿ ನಾಲ್ಕು ಲಿಂಬಿಹಣ್ಣು ತಂದಳು, ಗಾಲಿಗೊಂದರಂತೆ. ಹಿರಿಯರೇ, ನಿಮ್ಮಲ್ಲೂ ಈ ಪದ್ಧತಿ ಇರಬಹುದು. ಇರಲಿ. ಲಿಂಬಿಹಣ್ಣು ಇಡಲು ಬಗ್ಗಿದಾಗ ಹಾಗೇ ಒಂದು ಸಲ ಟೈರನ್ನೂ ಸುತ್ತ ನೋಡಿ, ಮೊಳೆ ಚುಚ್ಚಿದೆಯೇ, ಗಾಳಿ ಇಳಿದಿದೆಯೇ, ಗಾಡಿ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ ಎಂದು. ಪೂಜೆಯೂ ಆಯಿತು, ಪರೀಕ್ಷೆಯೂ ಆಯಿತು.

ಜೀಪು ಮುಂದೆ ಹೋಯಿತು. ಮೊಮ್ಮಗಳೂ ನಾನೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಹೊರಡುವ ಮೊದಲು ಚಾಲಕರು ಕೆಳಗಿಳಿದು ಎಲ್ಲ ಗಾಲಿಗಳನ್ನು ಒಂದು ಸುತ್ತು ನೋಡಿ ಬಂದರು. “ಮುತ್ಯಾ, ಇವರೂ ನಮ್ಹಂಗ ಮಾಡ್ತಾರ!” ಎಂದು ಅವಳಿಗೆ ಹೆಮ್ಮೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಇಂಜಿನ್ನಿನ ಸದ್ದು ದೊಡ್ಡದಾಯಿತು. ಇಳಿಜಾರಿನಲ್ಲಿ ಸಣ್ಣ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕ್ ಕಾಯುವುದಿಲ್ಲ. ಇಂಜಿನ್ ಬಂದ್ ಮಾಡಿ, ಇಲ್ಲವೇ ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವುದು ಎತ್ತಿನ ಹಗ್ಗ ಬಿಟ್ಟು ಕಣ್ಣು ಮುಚ್ಚಿದ ಹಾಗೆ. ಘಟ್ಟದ ಇಕ್ಕಟ್ಟಿನಲ್ಲಿ ಏರಿ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕೆಂಬ ನಿಯಮವನ್ನೂ ಅವಳು ಅಲ್ಲೇ ಕಂಡಳು. ಮಳೆಗಾಲದಲ್ಲಿ ಹೋಗುವವರು ಒಂದು ಕೆಲಸ ಹೆಚ್ಚು ಮಾಡಿ: ಹೊರಡುವ ಮೊದಲು ರಸ್ತೆ ವಿಚಾರಿಸಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದದ್ದು ಹಿರಿಯರಿಗೆ ನೆನಪಿದ್ದೀತು.

ಹೊಸ ಸ್ಟೆಪ್ನಿಯ ವಿಷಯ ಹೇಳಲೇಬೇಕು. ತಿರುಗಿ ಬರುವಾಗ ಯಲ್ಲಾಪುರ ದಾಟಿ ಕಲಘಟಗಿಯ ಕಡೆ ಬರುತ್ತಿದ್ದಂತೆ ಜೀಪಿನ ಎಡಗಾಲಿಗೆ ಮೊಳೆ ಹೊಕ್ಕಿತು. ಮಗ ಗಾಡಿಯನ್ನು ರಸ್ತೆಯಿಂದ ಪೂರಾ ಪಕ್ಕಕ್ಕೆ ಇಳಿಸಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಟ್ಟ. ಹೆಂಗಸರೂ ಮಕ್ಕಳೂ ರಸ್ತೆಯಿಂದ ದೂರ ಹೋಗಿ ನಿಂತರು. ಗಾಲಿ ಬದಲಿಸುವುದನ್ನು ಅಂಗಳದಲ್ಲಿ ಒಮ್ಮೆ ಮಾಡಿ ನೋಡಿದ್ದರಿಂದ ಯಾವ ಪಾನಾ ಎಲ್ಲಿದೆ ಎಂದು ಹುಡುಕಲಿಲ್ಲ. ಮೊಮ್ಮಗ ಮೊದಲೇ ಆರಿಸಿ ಇಟ್ಟಿದ್ದ ಎರಡು ಕಲ್ಲನ್ನು ಅವರಪ್ಪ ಗಾಲಿಗೆ ಆನಿಸಿದ. ಇಪ್ಪತ್ತು ನಿಮಿಷದಲ್ಲಿ ಗಾಡಿ ಹೊರಟಿತು. ನಾವು ಬಸ್ಸಿನಲ್ಲಿ ಬಂದು ಮನೆ ಸೇರಿದಾಗ ಮೊಮ್ಮಗ ಓಡಿಬಂದು ಹೇಳಿದ್ದು ಸಮುದ್ರದ ಸುದ್ದಿಯಲ್ಲ. “ಮುತ್ಯಾ, ನನ್ನ ಪಟಾಕಿ ರೊಕ್ಕದ ಟೈರಿನ ಮ್ಯಾಲ ಬಂದ್ವಿ!”

ಹಿರಿಯರೇ, ನಿಮಗೊಂದು ವಿನಂತಿ. ಗಾಡಿ ತುಂಬಿದೆ, ವೇಗ ಹೆಚ್ಚಾಗಿದೆ, ಚಾಲಕನಿಗೆ ನಿದ್ದೆ ಬರುತ್ತಿದೆ ಎಂದು ಕಂಡಾಗ ‘ನಮ್ಮ ಮಾತು ಯಾರು ಕೇಳ್ತಾರ’ ಎಂದು ಸುಮ್ಮನಿರಬೇಡಿ. ಮೆಲ್ಲಗೆ ಹೇಳಿ, ಆದರೆ ಹೇಳಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಗಾಡಿ ನಿಂತಿದ್ದಾಗ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮ ಮನೆಯ ಬೈಕು, ಕಾರು, ಟ್ರ್ಯಾಕ್ಟರ್ ಯಾವುದಾದರೂ ಸರಿ, ಅದರ ಟೈರಿನ ಮೇಲಿನ ನಾಲ್ಕು ಅಂಕಿ ಓದಿ. ಅದು ನಿಮಗಿಂತ ಹಿರಿಯದೋ ಕಿರಿಯದೋ ಲೆಕ್ಕ ಹಾಕಿ. ನಿಮ್ಮ ಮುತ್ಯಾ ಅಥವಾ ಆಯಿಯನ್ನು, ಅವರ ಕಾಲದಲ್ಲಿ ದೂರದ ಊರಿಗೆ ಗಾಡಿ ಹೇಗೆ ಸಜ್ಜು ಮಾಡುತ್ತಿದ್ದರೆಂದು ಕೇಳಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.